ಘಟ್ಟದ ಹಾದಿಯಲ್ಲಿ ಜೀಪುಗಳ ಸಾಲು: ಸುರಕ್ಷಿತ ಚಾಲನೆಗೆ ಪಾಲಿಸಬೇಕಾದ ನಿಯಮಗಳು

ಮಲೆನಾಡಿಗೆ ಜೀಪು ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಿಸಲು ಆರಂಭಿಸಿತು. ಅನಂತರದ ದಶಕಗಳಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ತೋಟಗಳಲ್ಲಿ ಅದು ಮನೆಯ ಸದಸ್ಯನಂತೆಯೇ ಆಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿ, 2010ರಲ್ಲಿ ಬಂದು 2020ರಲ್ಲಿ ಹೊಸ ರೂಪ ತಳೆದ ಮಹೀಂದ್ರಾ ಥಾರ್, 2023ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿ ಮುಂತಾದವು ನಾಲ್ಕೂ ಚಕ್ರಗಳಿಗೆ ಶಕ್ತಿ ನೀಡುವ ವಾಹನಗಳನ್ನು ನಗರವಾಸಿಗಳ ಮನೆಬಾಗಿಲಿಗೂ ತಂದಿವೆ.

ಇದರ ಫಲವಾಗಿ ವಾರಾಂತ್ಯಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಂದ ಹೊರಟ ಆರೆಂಟು ವಾಹನಗಳು ಸಾಲಾಗಿ ಘಟ್ಟದ ಕಚ್ಚಾ ಹಾದಿಗಳನ್ನು ಏರುವುದು ಸಾಮಾನ್ಯ ದೃಶ್ಯವಾಗಿದೆ. ಆದರೆ ತೋಟದ ಜೀಪಿನ ಚಾಲಕನಿಗೆ ದಿನನಿತ್ಯದ ಅಭ್ಯಾಸದಿಂದ ಬಂದಿರುವ ಎಚ್ಚರಿಕೆಯು ಹೆದ್ದಾರಿಯಲ್ಲಷ್ಟೇ ವಾಹನ ಓಡಿಸಿದವರಿಗೆ ತಾನಾಗಿ ಬರುವುದಿಲ್ಲ. ಅದರಲ್ಲೂ ಗುಂಪಿನಲ್ಲಿ ಚಲಿಸುವುದಕ್ಕೆ ಬೇರೆಯದೇ ಶಿಸ್ತು ಬೇಕು. ಕಾನ್ವಾಯ್ ಎಂದು ಕರೆಯಲಾಗುವ ಈ ವಾಹನ ಸಾಲಿನಲ್ಲಿ ಅನುಸರಿಸಬೇಕಾದ ಮುಖ್ಯ ಕ್ರಮಗಳನ್ನು ಇಲ್ಲಿ ಸಂಗ್ರಹಿಸಿ ನೀಡಲಾಗಿದೆ.

ಸಾಲು ಏಕೆ ಬೇಕು?

ಕಚ್ಚಾ ಹಾದಿಯಲ್ಲಿ ಒಂಟಿ ವಾಹನ ಹೋಗಬಾರದು ಎಂಬುದು ಎಲ್ಲೆಡೆ ಒಪ್ಪಿತವಾದ ಮೊದಲ ಪಾಠ. ಚಕ್ರ ಕೆಸರಿನಲ್ಲಿ ಹೂತರೆ ಎಳೆಯಲು, ಯಂತ್ರ ಕೆಟ್ಟರೆ ಜನರನ್ನು ಸಾಗಿಸಲು, ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ಯಲು ಎರಡನೆಯ ವಾಹನ ಅನಿವಾರ್ಯ. ಪಶ್ಚಿಮ ಘಟ್ಟದ ಅನೇಕ ಕಡೆ ಮೊಬೈಲ್ ಸಂಪರ್ಕ ದೊರೆಯದಿರುವುದರಿಂದ ಈ ಮಾತಿಗೆ ಇನ್ನಷ್ಟು ತೂಕವಿದೆ.

ಆದರೆ ಸಾಲೇ ಕೆಲವು ಅಪಾಯಗಳಿಗೆ ಕಾರಣವೂ ಆಗಬಲ್ಲದು. ಮುಂದಿನ ವಾಹನ ದಾಟಿತು ಎಂಬ ಧೈರ್ಯದಲ್ಲಿ ಹಿಂದಿನವರು ಹಳ್ಳಕ್ಕೆ ಇಳಿಯುತ್ತಾರೆ. ಏರಿನಲ್ಲಿ ನಿಂತುಹೋದ ವಾಹನ ಹಿಂದಕ್ಕೆ ಜಾರಿದಾಗ ಅದರ ಬೆನ್ನಿಗೇ ಇನ್ನೊಂದು ವಾಹನ ಇರುತ್ತದೆ. ಅನುಭವವಿಲ್ಲದವರು ಹಿಂದೆ ಬೀಳುವ ನಾಚಿಕೆಯಿಂದ ವೇಗ ಹೆಚ್ಚಿಸುತ್ತಾರೆ. ಆದ್ದರಿಂದಲೇ ಸಾಲಿನ ವೇಗವನ್ನು ಅತ್ಯಂತ ನಿಧಾನವಾಗಿ ಚಲಿಸುವ ವಾಹನವೇ ನಿರ್ಧರಿಸಬೇಕು ಎಂಬ ನಿಯಮ ರೂಢಿಗೆ ಬಂದಿದೆ.

ಹೊರಡುವ ಮುನ್ನ

ಹಾದಿ ಯಾರಿಗೆ ಸೇರಿದ್ದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಖಾಸಗಿ ತೋಟವಾದರೆ ಮಾಲೀಕರ ಒಪ್ಪಿಗೆ ಅಗತ್ಯ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ನಿರ್ಬಂಧಿಸುತ್ತದೆ. ಘಟ್ಟದ ಎಷ್ಟೋ ಕಚ್ಚಾ ಹಾದಿಗಳು ಅಭಯಾರಣ್ಯ ಇಲ್ಲವೇ ಮೀಸಲು ಅರಣ್ಯದ ವ್ಯಾಪ್ತಿಯಲ್ಲಿ ಬರುತ್ತವೆ. ಹಾದಿಯಲ್ಲಿ ಗೇಟು ಇಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದು ಭಾವಿಸುವಂತಿಲ್ಲ.

ವಿಮೆಯ ಷರತ್ತುಗಳನ್ನೂ ಓದಿಕೊಳ್ಳುವುದು ಒಳಿತು. ಖಾಸಗಿ ಕಾರುಗಳ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ಸ್ಪರ್ಧೆ, ವೇಗ ಪರೀಕ್ಷೆ ಮುಂತಾದ ಬಳಕೆಗೆ ರಕ್ಷಣೆ ಇರುವುದಿಲ್ಲ. ನೀರು ನುಗ್ಗಿ ಎಂಜಿನ್ ಹಾಳಾದರೆ, ಅದಕ್ಕೆಂದೇ ಪ್ರತ್ಯೇಕ ರಕ್ಷಣೆ ಪಡೆಯದಿದ್ದಲ್ಲಿ ಪರಿಹಾರ ದೊರೆಯುವುದು ಕಷ್ಟ.

ಸಭೆ ಸೇರಿದ ಸ್ಥಳದಲ್ಲಿಯೇ ಪ್ರತಿ ವಾಹನದ ಬ್ರೇಕ್, ಸ್ಟಿಯರಿಂಗ್, ಟೈರ್, ಬದಲಿ ಚಕ್ರ, ಜಾಕ್, ಬ್ಯಾಟರಿಯ ಬಿಗಿತ, ಎಳೆಯುವ ಕೊಂಡಿಗಳನ್ನು ಪರೀಕ್ಷಿಸಬೇಕು. ಲೋ ರೇಂಜ್ ಗೇರಿನಲ್ಲಿ ಇಂಧನ ವೆಚ್ಚ ಹೆದ್ದಾರಿಗಿಂತ ಬಹಳ ಹೆಚ್ಚು. ಕಿಲೋಮೀಟರ್ ಲೆಕ್ಕವನ್ನಷ್ಟೇ ನಂಬದೆ ಕೊನೆಯ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಕು. ವಾಹನದೊಳಗಿನ ಸಾಮಾನುಗಳನ್ನು ಕಟ್ಟಿಡಬೇಕು. ಜೀಪು ಮಗುಚಿದಾಗ ಸಡಿಲವಾಗಿರುವ ಜಾಕ್ ಅಥವಾ ಹಾರೆ ತಲೆಗೆ ಬಡಿಯಬಲ್ಲದು.

ಯಾವ ಹಾದಿಯಲ್ಲಿ ಹೋಗುತ್ತಿದ್ದೇವೆ, ಎಷ್ಟು ಜನರಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಊರಿನಲ್ಲಿರುವ ಜವಾಬ್ದಾರಿಯುತ ವ್ಯಕ್ತಿಯೊಬ್ಬರಿಗೆ ಬರೆದು ಕೊಡುವುದು ಕಡ್ಡಾಯವೆಂದೇ ತಿಳಿಯಬೇಕು.

ಯಾರು ಮುಂದೆ, ಯಾರು ಹಿಂದೆ?

ಸಾಲಿನ ಮುಂದಾಳು ಹಾದಿಯನ್ನು ಬಲ್ಲವರಾಗಿರಬೇಕು. ಅವರು ವೇಗ ನಿಗದಿ ಮಾಡುತ್ತಾರೆ, ಅಡೆತಡೆಗಳನ್ನು ಮೊದಲು ನೋಡುತ್ತಾರೆ, ಮುಂದುವರಿಯಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಕೊನೆಯ ವಾಹನದ ಚಾಲಕರು ಅಷ್ಟೇ ಅನುಭವಿಗಳಾಗಿದ್ದು, ರಿಪೇರಿ ಬಲ್ಲವರಾಗಿದ್ದರೆ ಉತ್ತಮ. ಹಗ್ಗ, ಸಲಿಕೆ, ಉಪಕರಣಗಳ ಪೆಟ್ಟಿಗೆ, ಪ್ರಥಮ ಚಿಕಿತ್ಸೆಯ ಸಾಮಗ್ರಿಗಳ ಒಂದು ಸಂಗ್ರಹ ಈ ವಾಹನದಲ್ಲಿ ಇರಬೇಕು. ಕೆಟ್ಟು ನಿಂತ ಯಾವುದೇ ವಾಹನವನ್ನು ಕೊನೆಯ ವಾಹನ ತಲುಪಿಯೇ ತಲುಪುತ್ತದೆ ಎಂಬುದು ಇದಕ್ಕೆ ಕಾರಣ.

ಹೊಸಬರನ್ನು ಮುಂದಾಳುವಿನ ಬೆನ್ನಿಗೇ ಇರಿಸಬೇಕು. ಮುಂದಿನ ಚಕ್ರಗಳು ಎಲ್ಲಿ ಹಾಯ್ದವು ಎಂಬುದನ್ನು ನೋಡಿ ಕಲಿಯಲು ಅವರಿಗೆ ಇದರಿಂದ ಅವಕಾಶ ದೊರೆಯುತ್ತದೆ. ಸಾಲಿನಲ್ಲಿ ಐದರಿಂದ ಎಂಟು ವಾಹನಗಳಿದ್ದರೆ ನಿರ್ವಹಣೆ ಸುಲಭ. ಹತ್ತನ್ನು ಮೀರಿದರೆ ಎರಡು ತಂಡಗಳಾಗಿ ಒಡೆದು, ಪ್ರತಿ ತಂಡಕ್ಕೂ ಪ್ರತ್ಯೇಕ ಮುಂದಾಳು ಮತ್ತು ಹಿಂದಾಳುವನ್ನು ನೇಮಿಸಬೇಕು. ಪ್ರತಿ ವಾಹನಕ್ಕೂ ಸಂಖ್ಯೆ ನೀಡಿ, ಆ ಕ್ರಮವನ್ನು ದಿನವಿಡೀ ಬದಲಿಸಬಾರದು. ಸಾಲಿನೊಳಗೆ ಒಬ್ಬರನ್ನೊಬ್ಬರು ಹಿಂದಿಕ್ಕುವುದು ಸಲ್ಲದು.

ಕನ್ನಡಿಯ ನಿಯಮ

ಇಡೀ ವ್ಯವಸ್ಥೆಯ ಜೀವಾಳವೇ ಈ ನಿಯಮ. ಪ್ರತಿಯೊಬ್ಬ ಚಾಲಕನೂ ತನ್ನ ಹಿಂದಿನ ವಾಹನಕ್ಕೆ ಹೊಣೆಗಾರ. ಮುಂದಿನ ವಾಹನವನ್ನು ಹಿಂಬಾಲಿಸುವುದು ಎರಡನೆಯ ಕೆಲಸ. ಹಿಂದಿನ ವಾಹನ ಕನ್ನಡಿಯಲ್ಲಿ ಕಾಣುತ್ತಿದೆಯೇ ಎಂದು ಆಗಾಗ ನೋಡುವುದು ಮೊದಲನೆಯದು.

ಇದರ ಉಪಯೋಗ ಸರಳ ಉದಾಹರಣೆಯಿಂದ ತಿಳಿಯುತ್ತದೆ. ಎಂಟು ವಾಹನಗಳ ಸಾಲಿನಲ್ಲಿ ಆರನೆಯದರ ಟೈರ್ ಪಂಕ್ಚರ್ ಆಯಿತೆನ್ನಿ. ಐದನೆಯ ಚಾಲಕನಿಗೆ ಕನ್ನಡಿಯಲ್ಲಿ ಅದು ಕಾಣದಾಗುತ್ತದೆ, ಆತ ನಿಲ್ಲುತ್ತಾನೆ. ಐದನೆಯದು ಕಾಣದೆ ನಾಲ್ಕನೆಯದು ನಿಲ್ಲುತ್ತದೆ. ಹೀಗೆ ಒಂದೊಂದಾಗಿ ನಿಲ್ಲುತ್ತಾ ಕೆಲವೇ ನಿಮಿಷಗಳಲ್ಲಿ ಮುಂದಾಳುವೂ ನಿಲ್ಲುತ್ತಾನೆ. ಫೋನ್ ಇಲ್ಲದೆ, ವಾಕಿಟಾಕಿ ಇಲ್ಲದೆ ಸುದ್ದಿ ಸಾಲಿನುದ್ದಕ್ಕೂ ತಲುಪಿರುತ್ತದೆ. ಒಬ್ಬ ಚಾಲಕ ಈ ನಿಯಮ ಮರೆತರೂ ಸರಪಳಿ ಅಲ್ಲಿಗೆ ಕಡಿಯುತ್ತದೆ. ಅವನ ಹಿಂದೆ ಇದ್ದವರೆಲ್ಲ ಕಾಡಿನಲ್ಲಿ ದಿಕ್ಕು ತಪ್ಪುತ್ತಾರೆ.

ಹಾದಿ ಕವಲೊಡೆಯುವ ಕಡೆ ಈ ನಿಯಮವನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು. ತಿರುವು ತೆಗೆದುಕೊಳ್ಳುವ ಮೊದಲು ಕವಲಿನಲ್ಲೇ ನಿಂತು, ಹಿಂದಿನ ವಾಹನದವರು ತಾನು ತಿರುಗುವುದನ್ನು ನೋಡಿದರು ಎಂದು ಖಾತ್ರಿಯಾದ ಬಳಿಕವೇ ಮುಂದುವರಿಯಬೇಕು. ಕಾಫಿ ತೋಟಗಳ ಒಳದಾರಿಗಳು ಒಂದರಂತೆ ಇನ್ನೊಂದು ಇರುವುದರಿಂದ ತಪ್ಪುವ ಸಾಧ್ಯತೆ ಹೆಚ್ಚು. ದಾರಿ ತಪ್ಪಿದೆ ಎಂದು ಅನಿಸಿದವರು ಹುಡುಕುತ್ತಾ ಅಲೆಯದೆ, ಇದ್ದಲ್ಲಿಯೇ ನಿಲ್ಲುವುದು ಕ್ಷೇಮ.

ಸಂಪರ್ಕ ವ್ಯವಸ್ಥೆ

ವಾಕಿಟಾಕಿ ಇದ್ದರೆ ಅನುಕೂಲ. ಆದರೆ ಎಲ್ಲ ವಾಕಿಟಾಕಿಗಳನ್ನೂ ಪರವಾನಗಿಯಿಲ್ಲದೆ ಬಳಸುವಂತಿಲ್ಲ. ಕೇಂದ್ರ ಸರ್ಕಾರದ 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ತರಂಗಾಂತರದ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೊಳ್ಳುವ ಮುನ್ನ ಉಪಕರಣ ಈ ಮಿತಿಯೊಳಗಿದೆಯೇ, ಅದಕ್ಕೆ ಸರ್ಕಾರಿ ಅನುಮೋದನೆ ಇದೆಯೇ ಎಂದು ವಿಚಾರಿಸಬೇಕು.

ಮಾತು ಚಿಕ್ಕದಾಗಿರಬೇಕು: ವಾಹನದ ಸಂಖ್ಯೆ, ವಿಷಯ, ಮುಗಿಯಿತು. ಎದುರಿನಿಂದ ಬರುವ ವಾಹನ, ಜಾನುವಾರು, ಕೊರಕಲು, ಮುರಿದ ಮೋರಿ ಇವುಗಳ ಬಗ್ಗೆ ಮುಂದಾಳು ಹೇಳಿದ್ದನ್ನು ಕೊನೆಯ ವಾಹನದವರು ಕೇಳಿಸಿತೆಂದು ಉತ್ತರಿಸಬೇಕು. ಉಪಕರಣ ಕೈಕೊಟ್ಟರೆ ಬಳಸಬೇಕಾದ ಹಾರ್ನ್ ಮತ್ತು ದೀಪದ ಸನ್ನೆಗಳನ್ನು ಬೆಳಗಿನ ಸಭೆಯಲ್ಲೇ ಗೊತ್ತುಪಡಿಸಿಕೊಳ್ಳಬೇಕು.

ಎಷ್ಟು ಅಂತರ?

ಹೆದ್ದಾರಿಯಲ್ಲಿ ಸಾಲು ಒತ್ತಾಗಿ ಚಲಿಸುವುದು ತಪ್ಪು. ಎಂಟು ಜೀಪುಗಳು ಒಂದಕ್ಕೊಂದು ಅಂಟಿಕೊಂಡು ಸಾಗಿದರೆ ಹಿಂದಿನಿಂದ ಬರುವ ಬಸ್ಸು, ಕಾರುಗಳಿಗೆ ಅವನ್ನು ಹಿಂದಿಕ್ಕಲು ಜಾಗವೇ ಸಿಗದು. ಶಿರಾಡಿ, ಚಾರ್ಮಾಡಿಯಂತಹ ಘಾಟಿ ರಸ್ತೆಗಳಲ್ಲಿ ಇದು ಅಪಘಾತಕ್ಕೆ ದಾರಿ. ಡಾಂಬರು ರಸ್ತೆಯಲ್ಲಿ ಮುಂದಿನ ತಂಗುದಾಣ ಗೊತ್ತುಪಡಿಸಿಕೊಂಡು ಬಿಡಿಬಿಡಿಯಾಗಿ ಸಾಗುವುದೇ ಸರಿ. ಸಾಲು ತಪ್ಪಬಾರದೆಂದು ಕೆಂಪು ದೀಪ ದಾಟುವುದಂತೂ ಅಪರಾಧ.

ಬೇಸಿಗೆಯ ಒಣ ಹಾದಿಯಲ್ಲಿ ಮುಂದಿನ ವಾಹನ ಎಬ್ಬಿಸಿದ ಧೂಳು ತಗ್ಗಿ ರಸ್ತೆ ಕಾಣುವಷ್ಟು ಅಂತರ ಬಿಡಬೇಕು. ಮಂಜು ಕವಿದಾಗ ಲೋ ಬೀಮ್ ದೀಪ ಉರಿಸಿ ವೇಗ ತಗ್ಗಿಸಬೇಕು. ಚಲಿಸುವಾಗಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಅಭ್ಯಾಸ ವ್ಯಾಪಕವಾಗಿದೆ. ಆದರೆ ಹಾಗೆ ಮಾಡಿದಾಗ ತಿರುಗುವ ಸೂಚನೆ ಹಿಂದಿನವರಿಗೆ ತಿಳಿಯುವುದಿಲ್ಲ. ಅದು ನಿಂತ ವಾಹನಕ್ಕೆ ಮೀಸಲಾದ ಸೂಚನೆ.

ಏರು ಮತ್ತು ಇಳಿಜಾರು

ಕಡಿದಾದ ಏರಿನಲ್ಲಿ ಒಂದು ಸಲಕ್ಕೆ ಒಂದೇ ವಾಹನ ಇರಬೇಕು. ಮುಂದಿನದು ಮೇಲಿನ ಸಮತಟ್ಟು ತಲುಪಿ ದಾರಿ ಬಿಟ್ಟ ನಂತರವೇ ಮುಂದಿನ ಸರದಿ. ಕಿರಿದಾದ ಘಟ್ಟದ ರಸ್ತೆಯಲ್ಲಿ ಏರುತ್ತಿರುವ ವಾಹನಕ್ಕೆ ಇಳಿಯುತ್ತಿರುವ ವಾಹನ ದಾರಿ ಬಿಡಬೇಕೆಂಬುದು ರಸ್ತೆ ನಿಯಮವೂ ಹೌದು.

ಏರಿನ ಮಧ್ಯದಲ್ಲಿ ಎಂಜಿನ್ ನಿಂತುಹೋದರೆ ಗಾಬರಿಯಿಂದ ವಾಹನವನ್ನು ಅಡ್ಡ ತಿರುಗಿಸುವುದು ಅತ್ಯಂತ ಅಪಾಯಕರ. ಇಳಿಜಾರಿಗೆ ಅಡ್ಡಲಾದ ಜೀಪು ಸುಲಭವಾಗಿ ಮಗುಚುತ್ತದೆ. ಬ್ರೇಕ್ ಒತ್ತಿ ಹಿಡಿದು, ಲೋ ರೇಂಜ್‌ನಲ್ಲಿ ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ನಿನ ಹಿಡಿತದಲ್ಲಿಯೇ ನೇರವಾಗಿ ಹಿಂದಕ್ಕೆ ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಉರುಳಲು ಬಿಡಬಾರದು. ಹೀಗೆ ಇಳಿಯಲು ಹಿಂದೆ ಜಾಗ ಖಾಲಿ ಇರಬೇಕು ಎಂಬುದೇ ಒಂದೊಂದಾಗಿ ಏರುವ ನಿಯಮದ ಹಿಂದಿನ ತರ್ಕ.

ಇಳಿಯುವಾಗ ಲೋ ರೇಂಜ್‌ನ ಮೊದಲ ಗೇರ್ ಬಳಸಿ, ಕ್ಲಚ್‌ನಿಂದ ಕಾಲು ತೆಗೆದಿರಬೇಕು. ಬ್ರೇಕನ್ನು ಜೋರಾಗಿ ಒತ್ತಿದರೆ ಚಕ್ರ ತಿರುಗುವುದು ನಿಂತು ವಾಹನ ಜಾರತೊಡಗುತ್ತದೆ. ಹಾಗೆ ಜಾರಿದಲ್ಲಿ ಬ್ರೇಕ್ ಸಡಿಲಿಸಿ, ಆಕ್ಸಿಲರೇಟರ್ ಅನ್ನು ಕೊಂಚವೇ ಒತ್ತಿದರೆ ಚಕ್ರ ಮತ್ತೆ ಉರುಳಿ ಹಿಡಿತ ಮರಳುತ್ತದೆ.

ಸ್ಟಿಯರಿಂಗ್ ಹಿಡಿಯುವಾಗ ಹೆಬ್ಬೆರಳುಗಳು ಚಕ್ರದ ಹೊರಗೇ ಇರಬೇಕು. ಕಲ್ಲಿಗೆ ಟೈರ್ ಬಡಿದಾಗ, ಅದರಲ್ಲೂ ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಜೀಪುಗಳಲ್ಲಿ, ಸ್ಟಿಯರಿಂಗ್ ಥಟ್ಟನೆ ತಿರುಗಿ ಬೆರಳು ಮುರಿಯಬಹುದು. ನಡೆಯುವ ವೇಗದಲ್ಲಿ ಸಾಗುತ್ತಿದ್ದರೂ ಸೀಟ್ ಬೆಲ್ಟ್ ಕಟ್ಟಿಕೊಂಡಿರಬೇಕು. ಕಷ್ಟದ ಜಾಗದಲ್ಲಿ ಪ್ರಯಾಣಿಕರು ಇಳಿದು ದೂರ ನಿಲ್ಲಬೇಕು. ಚಾಲಕನಿಗೆ ದಾರಿ ತೋರುವವರು ಒಬ್ಬರೇ ಇರಬೇಕು. ನಾಲ್ವರು ನಾಲ್ಕು ಕಡೆಯಿಂದ ಕೂಗಿದರೆ ಚಾಲಕ ಗೊಂದಲಕ್ಕೆ ಬೀಳುತ್ತಾನೆ.

ಹಳ್ಳ ದಾಟುವಾಗ

ಮಲೆನಾಡಿನ ಹಳ್ಳಗಳ ಸ್ವಭಾವ ವಿಚಿತ್ರ. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ನೀರು ಹಠಾತ್ತನೆ ಏರುತ್ತದೆ. ನೀರು ಕೆಂಪಾಗುವುದು, ಎಲೆ, ಕಡ್ಡಿ, ಕಸ ತೇಲಿಬರುವುದು ಏರಿಕೆಯ ಮುನ್ಸೂಚನೆ. ಅಂತಹ ವೇಳೆ ಕಾಯುವುದು ಅಥವಾ ಮರಳುವುದು ಎರಡೇ ದಾರಿ.

ಹರಿವು ಮಂದವಾಗಿದ್ದಾಗ ಕೋಲು ಹಿಡಿದು ಆಳ ಮತ್ತು ತಳವನ್ನು ಪರೀಕ್ಷಿಸಬೇಕು. ಕಾಲ್ನಡಿಗೆಯಲ್ಲಿ ಸುರಕ್ಷಿತವಾಗಿ ದಾಟಲಾಗದ ನೀರಿಗೆ ವಾಹನ ಇಳಿಸಬಾರದು. ರಭಸವಾಗಿ ಹರಿಯುವ ಸುಮಾರು 1 ಅಡಿ ನೀರು ಕಾರುಗಳನ್ನು, 2 ಅಡಿ ನೀರು ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸಿದೆ. ವಾಹನದ ತೂಕ ಎಷ್ಟೇ ಇರಲಿ, ನೀರು ಅದನ್ನು ಮೇಲಕ್ಕೆತ್ತುತ್ತದೆ. ಚಕ್ರಗಳಿಗೆ ನೆಲದ ಹಿಡಿತ ತಪ್ಪುತ್ತದೆ.

ಇಲ್ಲಿಯೂ ಒಂದು ಸಲಕ್ಕೆ ಒಂದೇ ವಾಹನ. ನಿಧಾನವಾಗಿ, ಗೇರ್ ಬದಲಿಸದೆ, ಒಂದೇ ವೇಗದಲ್ಲಿ ದಾಟಬೇಕು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ಸಿಲಿಂಡರಿಗೆ ನೀರು ನುಗ್ಗಿದ್ದರೆ ಎಂಜಿನ್ ಪೂರ್ತಿ ಹಾಳಾಗುತ್ತದೆ. ದಾಟಿದ ಬಳಿಕ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಸಾಗಿ ಒಣಗಿಸಿಕೊಳ್ಳಬೇಕು.

ಹೂತ ವಾಹನವನ್ನು ಎಳೆಯುವಾಗ

ಕಾನ್ವಾಯ್‌ನಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಗಳಿಗೆ ಇದು. ವಾಹನ ನಿಂತಿದೆ, ವೇಗವಿಲ್ಲ, ಎಲ್ಲರೂ ಸುತ್ತ ನೆರೆದಿದ್ದಾರೆ. ಹಾಗಾಗಿ ಅಪಾಯದ ಅರಿವೇ ಇರುವುದಿಲ್ಲ. ಬಿಗಿದ ಹಗ್ಗ ಅಥವಾ ಅದರ ಕೊಂಡಿ ಕಿತ್ತುಬಂದರೆ ಅದು ಕವಣೆಯಿಂದ ಚಿಮ್ಮಿದ ಕಲ್ಲಿನಂತೆ ಗಾಜನ್ನು ಒಡೆದು ಒಳನುಗ್ಗುತ್ತದೆ. ಟ್ರೈಲರ್ ಕಟ್ಟುವ ಗುಂಡು ಕೊಂಡಿಗೆ ಹಗ್ಗ ಬಿಗಿದು ಎಳೆದಾಗ ಆ ಗುಂಡು ಮುರಿದು ಹಾರಿ ಸಾವುಗಳು ಸಂಭವಿಸಿದ್ದು ಆಸ್ಟ್ರೇಲಿಯಾದಲ್ಲಿ ದಾಖಲಾಗಿದೆ. ಆ ಕೊಂಡಿಯನ್ನು ಈ ಕೆಲಸಕ್ಕೆ ಎಂದಿಗೂ ಬಳಸಬಾರದು. ಸಾಗಣೆ ವೇಳೆ ವಾಹನವನ್ನು ಬಿಗಿದು ಕಟ್ಟಲು ಕೊಟ್ಟಿರುವ ಸಣ್ಣ ಕೊಂಡಿಗಳೂ ಇದಕ್ಕೆ ಯೋಗ್ಯವಲ್ಲ. ಚಾಸಿಗೆ ಭದ್ರವಾಗಿ ಜೋಡಿಸಿದ, ಎಳೆಯುವುದಕ್ಕೆಂದೇ ರೂಪಿಸಿದ ಕೊಂಡಿಗಳನ್ನಷ್ಟೇ ಬಳಸಬೇಕು.

ಮೊದಲು ಸಲಿಕೆ, ನಂತರ ಹಗ್ಗ ಎಂಬುದು ಸರಿಯಾದ ಕ್ರಮ. ಚಕ್ರಗಳ ಮುಂದಿನ ಕೆಸರು ತೆಗೆದು, ಕಲ್ಲು ಅಥವಾ ಹಲಗೆ ಹಾಸಿ, ಟೈರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಎಷ್ಟೋ ಸಲ ವಾಹನ ತಾನೇ ಹೊರಬರುತ್ತದೆ. ಹಗ್ಗ ಬೇಕೇ ಆದಲ್ಲಿ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಬೇಕು.

* ಹಿಗ್ಗುವ ನೈಲಾನ್ ಪಟ್ಟಿಯನ್ನು ವಾಹನದಿಂದ ಎಳೆಯಲು ಮಾತ್ರ ಬಳಸಬೇಕು, ವಿಂಚ್‌ಗೆ ಜೋಡಿಸಬಾರದು. ಸರಪಳಿ ಅಥವಾ ಉಕ್ಕಿನ ಹಗ್ಗ ಹಿಗ್ಗುವುದಿಲ್ಲವಾದ್ದರಿಂದ ಅವುಗಳಿಂದ ಜಗ್ಗಿ ಎಳೆಯಬಾರದು.
* ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ದಪ್ಪ ಕಂಬಳಿ ಹೊದಿಸಬೇಕು. ಹಗ್ಗ ತುಂಡಾದರೆ ಆ ಭಾರ ಅದನ್ನು ನೆಲಕ್ಕೆ ಬೀಳಿಸುತ್ತದೆ.
* ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ಎಲ್ಲರೂ ಬದಿಗೆ ಸರಿದು ನಿಲ್ಲಬೇಕು. ಎರಡು ವಾಹನಗಳ ನಡುವೆ, ಹಗ್ಗದ ನೇರಕ್ಕೆ ಯಾರೂ ಇರಕೂಡದು. ಬಿಗಿದ ಹಗ್ಗವನ್ನು ದಾಟಬಾರದು.
* ಎರಡೂ ವಾಹನಗಳಲ್ಲಿ ಚಾಲಕರ ಹೊರತು ಬೇರೆ ಯಾರೂ ಇರಬಾರದು.
* ವಿಂಚ್ ಬಳಸುವಾಗ ಕೈಗವಸು ಧರಿಸಬೇಕು. ಉಕ್ಕಿನ ಹಗ್ಗ ಡ್ರಮ್ಮಿನ ಮೇಲೆ ಕನಿಷ್ಠ 5 ಸುತ್ತು ಉಳಿದಿರಬೇಕು. ಮರಕ್ಕೆ ಕಟ್ಟುವಾಗ ತೊಗಟೆಗೆ ಗಾಯವಾಗದಂತೆ ಅಗಲವಾದ ಪಟ್ಟಿ ಬಳಸಬೇಕು.
* ಆದೇಶ ನೀಡುವವರು ಒಬ್ಬರೇ ಇರಬೇಕು. ‘ನಿಲ್ಲಿಸಿ’ ಎಂಬ ಮಾತನ್ನು ಮಾತ್ರ ಯಾರು ಹೇಳಿದರೂ ಕೇಳಬೇಕು.

ಗಾಳಿ ಇಳಿಸಿದ ಟೈರಿನಲ್ಲಿ ಹೆದ್ದಾರಿಯ ವೇಗದಲ್ಲಿ ಓಡಿದರೆ ಟೈರ್ ಬಿಸಿಯಾಗಿ ಸಿಡಿಯಬಹುದು. ಡಾಂಬರು ರಸ್ತೆ ತಲುಪಿದೊಡನೆ ಗಾಳಿ ತುಂಬಲು ಸಣ್ಣ ಕಂಪ್ರೆಸರ್ ಜೊತೆಗಿರಬೇಕು.

ಬಾಡಿಗೆ ಜೀಪಿನ ಪ್ರಯಾಣಿಕರಿಗೆ

ಸ್ವಂತ ವಾಹನವಿಲ್ಲದವರು ಕೊಡಚಾದ್ರಿ, ಮಾಂದಲಪಟ್ಟಿ, ಹೆಬ್ಬೆ ಜಲಪಾತದಂತಹ ತಾಣಗಳಿಗೆ ಸ್ಥಳೀಯ ಬಾಡಿಗೆ ಜೀಪುಗಳನ್ನು ಅವಲಂಬಿಸುತ್ತಾರೆ. ಅಲ್ಲಿನ ಚಾಲಕರಿಗೆ ಹಾದಿಯ ಪ್ರತಿ ಕಲ್ಲಿನ ಪರಿಚಯ ಇರುತ್ತದೆ. ಆದರೂ ಪ್ರಯಾಣಿಕರು ಕೆಲವನ್ನು ಗಮನಿಸಬೇಕು. ಬಿಳಿ ಫಲಕದ ಖಾಸಗಿ ವಾಹನ ಬಾಡಿಗೆಗೆ ಓಡುತ್ತಿದ್ದರೆ ಅಪಘಾತದ ವೇಳೆ ವಿಮೆಯ ಪರಿಹಾರಕ್ಕೆ ತೊಡಕಾಗುತ್ತದೆ. ನಿಗದಿಗಿಂತ ಹೆಚ್ಚು ಜನರನ್ನು ತುಂಬಿದ್ದರೆ ಹತ್ತಬಾರದು. ಕಂಬಿ ಹಿಡಿದು ನಿಂತು ಪಯಣಿಸುವುದು, ಫೋಟೊಗಾಗಿ ಹಿಂದಿನ ಮೆಟ್ಟಿಲ ಮೇಲೆ ನೇತಾಡುವುದು ಪ್ರಾಣಕ್ಕೆ ಎರವಾಗಬಲ್ಲದು. ಬೇಗ ಹೋಗೆಂದು ಚಾಲಕನನ್ನು ಅವಸರಿಸುವುದೂ ತಪ್ಪು.

ಮಳೆ ಮತ್ತು ಮರಳುವ ನಿರ್ಧಾರ

ಮಳೆಗಾಲದ ಘಟ್ಟದಲ್ಲಿ ಚಾಲನೆಯ ಕೌಶಲ ಒಂದು ಮಿತಿಯ ಆಚೆಗೆ ನೆರವಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದು ಆದ ಸಾವುನೋವು ರಾಜ್ಯದ ನೆನಪಿನಲ್ಲಿದೆ. ಹವಾಮಾನ ಇಲಾಖೆ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ನೀಡಿದ ದಿನ, ಜಿಲ್ಲಾಡಳಿತ ನಿರ್ಬಂಧ ಹೇರಿದ ಹಾದಿಯಲ್ಲಿ ಹೊರಡಲೇಬಾರದು.

ಹೊರಟ ನಂತರವೂ ಯಾವುದೇ ಚಾಲಕನಿಗೆ ‘ನನ್ನಿಂದ ಆಗದು’ ಎನ್ನುವ ಹಕ್ಕು ಇರಬೇಕು. ಹಾಗೆಂದವರನ್ನು ಗೇಲಿ ಮಾಡದೆ ಬದಲಿ ದಾರಿ ಹುಡುಕುವುದು ಮುಂದಾಳುವಿನ ಕರ್ತವ್ಯ. ಸೂರ್ಯಾಸ್ತಕ್ಕೆ ಮೊದಲೇ ಡಾಂಬರು ರಸ್ತೆ ತಲುಪುವಂತೆ ಮರಳುವ ಸಮಯವನ್ನು ಬೆಳಿಗ್ಗೆಯೇ ಗೊತ್ತುಪಡಿಸಿ, ಶಿಖರ ಎಷ್ಟೇ ಹತ್ತಿರವಿದ್ದರೂ ಆ ಸಮಯಕ್ಕೆ ತಿರುಗಬೇಕು.

ಅಪಘಾತ ಸಂಭವಿಸಿದರೆ

ಮೊದಲು ಇಡೀ ಸಾಲನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಮಗುಚಿದ ವಾಹನ ಮತ್ತೆ ಉರುಳದಂತೆ ಕಲ್ಲು ಕೊಡಬೇಕು. ಇಂಧನ ಸೋರುತ್ತಿದ್ದರೆ ಬೆಂಕಿ ಹತ್ತಿರ ಬರಬಾರದು. ಬೆನ್ನು, ಕುತ್ತಿಗೆಗೆ ಪೆಟ್ಟಾಗಿರುವ ಶಂಕೆ ಇದ್ದರೆ, ಬೆಂಕಿ ಅಥವಾ ನೀರಿನ ಅಪಾಯವಿಲ್ಲದ ಹೊರತು ಗಾಯಾಳುವನ್ನು ಎಳೆದಾಡಬಾರದು. ರಕ್ತಸ್ರಾವವನ್ನು ಬಟ್ಟೆಯಿಂದ ಒತ್ತಿ ಹಿಡಿದು ತಡೆಯಬೇಕು.

ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108. ಸಂಪರ್ಕ ಸಿಗದ ಜಾಗವಾದರೆ ಒಂದು ವಾಹನವನ್ನು ಸಿಗ್ನಲ್ ಸಿಗುವ ಕಡೆಗೆ ಕಳುಹಿಸಬೇಕು. ಆ ವಾಹನದಲ್ಲಿ ಚಾಲಕನ ಜೊತೆ ಇನ್ನೊಬ್ಬರಿದ್ದು, ಅಪಘಾತದ ಸ್ಥಳ, ಗಾಯಾಳುಗಳ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಆಂಬುಲೆನ್ಸ್ ಕಚ್ಚಾ ಹಾದಿಯಲ್ಲಿ ಬರಲಾರದ ಕಾರಣ, ಅದು ಕಾಯಬೇಕಾದ ಡಾಂಬರು ರಸ್ತೆಯ ಜಾಗವನ್ನೂ ತಿಳಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

* ಒಂಟಿ ವಾಹನದಲ್ಲಿ ಕಚ್ಚಾ ಹಾದಿಗೆ ಹೋಗಬಾರದು.
* ಪ್ರತಿ ಚಾಲಕನೂ ತನ್ನ ಹಿಂದಿನ ವಾಹನಕ್ಕೆ ಹೊಣೆ, ಕವಲಿನಲ್ಲಿ ಕಾಯಬೇಕು.
* ಏರು, ಇಳಿಜಾರು, ಹಳ್ಳಗಳಲ್ಲಿ ಒಂದು ಸಲಕ್ಕೆ ಒಂದೇ ವಾಹನ.
* ಅತ್ಯಂತ ನಿಧಾನದ ವಾಹನದ ವೇಗವೇ ಸಾಲಿನ ವೇಗ.
* ಬಿಗಿದ ಹಗ್ಗದಿಂದ ಎಲ್ಲರೂ ದೂರವಿರಬೇಕು.
* ಅರಣ್ಯ ಮತ್ತು ತೋಟಗಳಿಗೆ ಅನುಮತಿ ಪಡೆದೇ ಪ್ರವೇಶಿಸಬೇಕು. ಹಾದಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಸಬಾರದು.
* ಪ್ರತಿ ನಿಲುಗಡೆಯಲ್ಲೂ ವಾಹನಗಳನ್ನು ಎಣಿಸಬೇಕು. ಕೊನೆಯ ವಾಹನ ಡಾಂಬರು ರಸ್ತೆ ತಲುಪುವವರೆಗೆ ಮೊದಲ ವಾಹನ ಮನೆಯತ್ತ ಹೊರಡಬಾರದು.